ಎರಡು ಟ್ಯಾಂಕಿನ ಗಾಡಿ, ಮೂಗಿನ ಮೇಸ್ತ್ರಿ

ಆ ರಸ್ತೆಯಲ್ಲಿ ಐದು ಗ್ಯಾರೇಜುಗಳಿದ್ದವು. ಆದರೆ ಹಳೆಯ ಪಿಕಪ್ಪಿನಲ್ಲಿ ಪೆಟ್ರೋಲು ಸೋರಿದರೆ ಜನ ಬರುತ್ತಿದ್ದದ್ದು ಮೂಗಿನ ಮೇಸ್ತ್ರಿಯ ಹತ್ತಿರಕ್ಕೇ. ಮೂಗು ದೊಡ್ಡದೆಂದು ಬಂದ ಹೆಸರಲ್ಲ ಅದು. ಮೂಗು ಸಣ್ಣದೇ, ಅದರ ಕೆಲಸ ದೊಡ್ಡದು. ಉಳಿದ ಮೇಸ್ತ್ರಿಗಳು ಟಾರ್ಚು ಹಿಡಿದು ಗಾಡಿಯಡಿ ತೆವಳುತ್ತಿದ್ದರೆ, ಇವನು ಗಾಡಿಗೆ ಒಂದು ಸುತ್ತು ಬಂದು, ಎರಡು ಕಡೆ ಬಗ್ಗಿ ಮೂಸಿ, “ಮುಂದಿನ ಪೈಪು, ಕ್ಲಿಪ್ಪಿನ ಹತ್ರ ಸೀಳಿದೆ” ಎನ್ನುತ್ತಿದ್ದ. ಬಿಚ್ಚಿದರೆ ಅಲ್ಲೇ ಸೀಳಿರುತ್ತಿತ್ತು. ಚೆಲ್ಲಿದ ಪೆಟ್ರೋಲು ಕಲೆಯೂ ಉಳಿಯದಂತೆ ಆರಿಹೋಗುತ್ತದೆ, ಉಳಿಯುವುದು ವಾಸನೆ ಒಂದೇ. ಆದ್ದರಿಂದ ಕಣ್ಣನ್ನು ನಂಬಿದವನು ಕೆಟ್ಟ ಎಂಬುದು ಅವನ ಸಿದ್ಧಾಂತ. ಅದನ್ನು ಕೇಳದೇ ಇದ್ದವರಿಗೂ ಹೇಳುತ್ತಿದ್ದ.

ಆ ಮೂಗು ಒಂದು ಜ್ವರದಲ್ಲಿ ಹೋಯಿತು. ಹತ್ತು ದಿನ ಮಲಗಿ ಎದ್ದಾಗ ಸೋಪು, ಕಾಫಿ, ಪೆಟ್ರೋಲು ಯಾವುದಕ್ಕೂ ವಾಸನೆಯೇ ಇರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮೂಗಿನ ಮೇಸ್ತ್ರಿಗೆ ಮೂಗೇ ಇಲ್ಲವೆಂದರೆ ಗಾಡಿ ತರುವವರು ಯಾರು? ಮೊದಲಿನಂತೆಯೇ ಬಗ್ಗಿ ಮೂಸುವ ನಾಟಕ ಮಾಡಿ, ಕೈಯಲ್ಲಿ ಪೈಪು ತಡವಿ, ಹೇಗೋ ಪತ್ತೆ ಹಚ್ಚುತ್ತಿದ್ದ. ಎರಡು ತಿಂಗಳು ಹಾಗೇ ನಡೆಯಿತು. ಅದು ಅಷ್ಟು ಸಲೀಸಾಗಿ ನಡೆದದ್ದೇ ತಪ್ಪಾಯಿತು.

ಅಂಥದೊಂದು ದಿನ ಮರದ ಮಿಲ್ಲಿನ ಯಜಮಾನ ತನ್ನ ಎರಡು ಟ್ಯಾಂಕಿನ ಪಿಕಪ್ಪನ್ನು ತಂದು ನಿಲ್ಲಿಸಿದ. ಆ ಕಾಲದ ಗಾಡಿಗಳಲ್ಲಿ ಮುಂದೊಂದು ಟ್ಯಾಂಕು, ಹಿಂದೊಂದು ಟ್ಯಾಂಕು. ಸ್ಟೇರಿಂಗಿನ ಪಕ್ಕದ ಗುಂಡಿ ಒತ್ತಿದರೆ ಇದರಿಂದ ಅದಕ್ಕೆ ಬದಲಾಗುತ್ತದೆ. ಹನ್ನೊಂದು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದವನು ಮೇಸ್ತ್ರಿಯ ಹೆಂಡತಿಯ ಅಣ್ಣ. ಈಚೆಗೆ ತುಂಬಿಸಿದ ಪೆಟ್ರೋಲಿಗೂ ಓಡಿದ ದೂರಕ್ಕೂ ತಾಳೆಯಾಗುತ್ತಿರಲಿಲ್ಲ.

“ಗಾಡಿ ಸೋರ್ತಿದೆಯೋ, ಯಾರಾದ್ರೂ ಸೋರಿಸ್ತಿದಾರೋ, ನೀನೇ ಹೇಳ್ಬೇಕು,” ಎಂದ ಯಜಮಾನ, ಡ್ರೈವರನ ಕಡೆ ನೋಡುತ್ತ.

“ಹಿಂದುಗಡೆ ವಾಸನೆ ಬರುತ್ತೆ. ಸರಿಯಾಗಿ ನೋಡು,” ಎಂದ ಡ್ರೈವರು.

ಮೇಸ್ತ್ರಿ ಬಗ್ಗಿದ. ಮೂಸಿದ. ಪೈಪು ಮುಟ್ಟಿದ, ಒಣಗಿತ್ತು. ಮುಚ್ಚಳ ಮುಟ್ಟಿದ, ಅದೂ ಒಣಗಿತ್ತು. ‘ಒಂದು ದಿನ ಬಿಟ್ಟು ಹೋಗಿ, ರಸ್ತೆಯಲ್ಲಿ ಓಡಿಸಿ ನೋಡ್ತೀನಿ’ ಎನ್ನಬಹುದಿತ್ತು. ಆದರೆ ಪಕ್ಕದ ಗ್ಯಾರೇಜಿನವರು ನೋಡುತ್ತ ನಿಂತಿದ್ದರು, ಮತ್ತು ಅವನು ಮೂಗಿನ ಮೇಸ್ತ್ರಿ.

“ವಾಸನೆ ಇಲ್ಲ ಯಜಮಾನ್ರೇ. ಸೋರಿಕೆ ಇಲ್ಲ.”

“ಕೇಳಿಸ್ತಾ? ನಿನ್ನ ತಂಗಿ ಗಂಡನೇ ಹೇಳ್ತಿದಾನೆ,” ಎಂದ ಯಜಮಾನ.

ಡ್ರೈವರು ಮೇಸ್ತ್ರಿಯ ಮುಖವನ್ನೇ ಒಂದು ಗಳಿಗೆ ನೋಡಿದ. ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ನಡೆದುಕೊಂಡೇ ಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಪೆಟ್ರೋಲು ಕದ್ದವನ ಕೈಗೆ ಮತ್ತೆ ಯಾರು ಗಾಡಿ ಕೊಡುತ್ತಾರೆ? ಐವತ್ತರ ವಯಸ್ಸಿನಲ್ಲಿ ಅವನು ಸಿಮೆಂಟಿನ ಗೋದಾಮಿನಲ್ಲಿ ಮೂಟೆ ಹೊರಲು ಸೇರಿದ. ತಂಗಿ ಮೊದಲು ನಂಬಲಿಲ್ಲ, ಒಂದು ವಾರ ಗಂಡನ ಜೊತೆ ಜಗಳವಾಡಿದಳು. ಆಮೇಲೆ “ನಿಮ್ಮ ಮೂಗೇ ಹೇಳಿದ್ಮೇಲೆ ಇನ್ನೇನಿದೆ” ಎಂದು ಅತ್ತು, ಅಣ್ಣನ ಮನೆಗೆ ಹೋಗುವುದನ್ನೇ ಬಿಟ್ಟಳು. ಮೇಸ್ತ್ರಿಗೆ ಅದು ನುಂಗಲಾರದ ತುತ್ತು. ನಿಜಕ್ಕೂ ಕದ್ದಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೀದಿಯಲ್ಲಿ ಯಾರೋ ಯಾರನ್ನೋ ಕಳ್ಳ ಎಂದು ಬೈದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಹೀಗೇ ಎರಡು ವರ್ಷ ಕಳೆದವು.

ಅಷ್ಟರಲ್ಲಿ ಯಜಮಾನ ಆ ಪಿಕಪ್ಪನ್ನು ಮಾರಿದ್ದ. ಕೊಂಡ ತರಕಾರಿ ವ್ಯಾಪಾರದ ಹೆಂಗಸು ಒಂದು ಮಧ್ಯಾಹ್ನ ಅದನ್ನೇ ತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದಳು.

“ಪೆಟ್ರೋಲ್ ಮಾಯ ಆಗ್ತಿದೆ ಮೇಸ್ತ್ರಿ. ತುಂಬಿಸೋಳು ನಾನೇ, ಓಡಿಸೋಳೂ ನಾನೇ. ನನ್ನ ಗಾಡೀಲಿ ನಾನೇ ಕದ್ಕೋತೀನಾ?”

ಮೇಸ್ತ್ರಿ ಹಿಂದಿನ ಟ್ಯಾಂಕಿನ ಬಾಯಿಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ಬಗ್ಗಿದ. ಏನೂ ಇಲ್ಲ. ಆ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಗಾಡಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಏನ್ರೀ ಇದು, ಪೆಟ್ರೋಲಲ್ಲಿ ಸ್ನಾನ ಮಾಡಿಸಿದ ಹಾಗಿದೆ! ಅಲ್ಲೇ ಮೂಗಿಟ್ಕೊಂಡು ಹೇಗೆ ನಿಂತಿದೀರಿ?”

ಅವಳು ಅವನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಅದು ಯಾರು ಓಡಿಸುತ್ತಿದ್ದ ಗಾಡಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಸ್ತ್ರಿ ಗಾಡಿಯನ್ನು ಮುಂದಿನ ಟ್ಯಾಂಕಿನ ಮೇಲೆ ಚಾಲೂ ಮಾಡಿ, ಹಿಂದಿನದರ ಮುಚ್ಚಳ ತೆಗೆದ. ಎಂಜಿನ್ನಿಗೆ ಹೋಗಿ ಮಿಕ್ಕಿದ ಪೆಟ್ರೋಲು ತಾನು ಹೊರಟ ಟ್ಯಾಂಕಿಗೇ ವಾಪಸ್ಸು ಹೋಗಬೇಕು. ಇದರಲ್ಲಿ ನಡುವಿನ ವಾಲ್ವು ಕೆಟ್ಟು, ಹಿಂದಿನದಕ್ಕೆ ಹೋಗುತ್ತಿತ್ತು. ಮೊದಲೇ ತುಂಬಿದ್ದ ಹಿಂದಿನ ಟ್ಯಾಂಕು ಅವನ ಕಣ್ಣೆದುರೇ ಉಕ್ಕಿತು. ರಸ್ತೆಯಲ್ಲಾದರೆ ಮುಚ್ಚಳದ ಸಂದಿಯಿಂದ ಚೆಲ್ಲಿ, ಗಾಳಿಗೆ ಆರಿ, ಗಾಡಿ ನಿಲ್ಲುವ ಹೊತ್ತಿಗೆ ಎಲ್ಲ ಒಣಗಿರುತ್ತದೆ.

“ಅವತ್ತೂ ಹೀಗೇ ಇತ್ತಾ?” ಹೆಂಡತಿ ಕೇಳಿದಳು.

“ಹೂಂ. ನನ್ನ ಮೂಗು ಅದಕ್ಕೆ ಮುಂಚೆಯೇ ಹೋಗಿತ್ತು.”

ಅವಳು ಡಬ್ಬಿಯನ್ನು ನೆಲದ ಮೇಲಿಟ್ಟು, ಹಳೇ ಟೈರಿನ ಮೇಲೆ ಕುಸಿದು ಕೂತಳು.

ಮರುದಿನ ಮೇಸ್ತ್ರಿ ಮರದ ಮಿಲ್ಲಿಗೆ ಹೋಗಿ, ಗರಗಸ ನಿಲ್ಲಿಸಲು ಹೇಳಿ, ಕೂಲಿಯವರೆಲ್ಲರ ಎದುರಿಗೆ ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಿದ. ಯಾರೋ ಕಿಸಕ್ಕೆಂದರು. “ಆಯ್ತಲ್ಲ ಬಿಡು, ಹಳೇ ಕಥೆ,” ಎಂದ ಯಜಮಾನ. ಸಂಜೆಗೆ ಬೀದಿಯಲ್ಲಿ ಅವನ ಹೆಸರು ಮೂಗಿಲ್ಲದ ಮೇಸ್ತ್ರಿ ಎಂದಾಗಿತ್ತು. ಅಷ್ಟಕ್ಕೇ ಎದೆ ಹಗುರಾದೀತು ಎಂದುಕೊಂಡಿದ್ದ. ಆಗಲಿಲ್ಲ.

ಅವತ್ತೇ ಸಂಜೆ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಗೋದಾಮಿಗೆ ಹೋದ. ಅವಳು ಗೇಟಿನಿಂದ ಮುಂದೆ ಬರಲಿಲ್ಲ. ಒಳಗೆ ಭಾವ ಮೂಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದ. ಮೇಸ್ತ್ರಿ ನಿಂತೇ ಎಲ್ಲ ಹೇಳಿದ. ಬೈಗುಳಕ್ಕೆ, ಬೇಕಾದರೆ ಏಟಿಗೂ ಸಿದ್ಧನಾಗಿ ಬಂದಿದ್ದ.

“ನಿನ್ನ ಮೂಗಿನ ವಿಷಯ ನಂಗೆ ಗೊತ್ತಿತ್ತು,” ಎಂದ ಭಾವ.

“ಏನು?”

“ಯಜಮಾನ್ರು ಗಾಡಿ ತಂದ ದಿನಕ್ಕೆ ಒಂದು ವಾರ ಮುಂಚೆ ನಿಮ್ಮನೇಲಿ ಹಾಲು ಸೀದು ಹೋಗ್ತಿತ್ತು. ನೀನು ಅಡುಗೆಮನೆಗೆ ಬೆನ್ನು ಹಾಕಿ ಪೇಪರ್ ಓದ್ತಾ ಕೂತಿದ್ದೆ. ಒಲೆ ಆರಿಸಿದ್ದು ನಾನೇ.”

“ಗೊತ್ತಿದ್ದೂ ಯಜಮಾನರ ಮುಂದೆ ಯಾಕೆ ಹೇಳ್ಲಿಲ್ಲ ಭಾವ?”

“ಹೇಳಿದ್ರೆ ನಿನ್ನ ಅಂಗಡಿ ಬಾಗಿಲು ಮುಚ್ತಿತ್ತು. ನನ್ನ ತಂಗಿ ಉಣ್ಣೋದು ಆ ಅಂಗಡಿಯಿಂದ ತಾನೇ? ನೀನೇ ಹೇಳ್ತೀಯ ಅಂದ್ಕೊಂಡೆ. ಅವತ್ತಲ್ಲ, ಮಾರನೇ ದಿನ. ಇಲ್ಲಾಂದ್ರೆ ಅದರ ಮಾರನೇ ದಿನ. ಕಾದೆ. ಆಮೇಲೆ ಅವಳೂ ಬರೋದು ಬಿಟ್ಳು.”

ಮೇಸ್ತ್ರಿ ಕಾಲು ಹಿಡಿಯಲು ಬಗ್ಗಿದ. ಭಾವ ಕಾಲು ಹಿಂದಕ್ಕೆ ಎಳೆದುಕೊಂಡ.

“ಅವಳಿಗೆ ಗೊತ್ತಾಯ್ತಾ?”

“ನಿನ್ನೆ ಗೊತ್ತಾಯ್ತು. ನಿನ್ನ ಮುಖ ನೋಡೋಕಾಗಲ್ಲ ಅಂತ ಗೇಟಲ್ಲೇ ನಿಂತಿದಾಳೆ.”

ಭಾವ ಥಟ್ಟನೆ ಎದ್ದ. ಹೆಗಲಿನ ಸಿಮೆಂಟು ಕೊಡವಿಕೊಂಡು, ಒಂದು ಕಾಲನ್ನು ಎಳೆಯುತ್ತ ಗೇಟಿನ ಕಡೆ ಹೊರಟ. ಮೇಸ್ತ್ರಿ ಕಣ್ಣೊರೆಸಿಕೊಂಡು ಹಿಂದೆಯೇ ಹೆಜ್ಜೆ ಹಾಕಿದ.

ಭಾವ ತಿರುಗಿ ನೋಡದೆಯೇ ಹೇಳಿದ, “ನೀನು ಇಲ್ಲೇ ಇರು.”