ಟೆಂಡರಿಗೆ ಅರ್ಥ ಹೇಳುತ್ತಿದ್ದ ಆರಾಧ್ಯರು

ಆರಾಧ್ಯರು ಟೆಂಡರ್ ಓದಿದರೆ ಪುರಾಣ ಓದಿದ ಹಾಗೆ ಕೇಳಿಸುತ್ತಿತ್ತು. ಊರಲ್ಲಿ ಪುರಾಣಕ್ಕೆ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು ಬೇಕು. ಹಾರೋಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಎರಡೂ ಅವರೇ. ಮಧ್ಯಾಹ್ನದ ಟೀ ಬಂದು ಲೇತುಗಳು ನಿಂತವೆಂದರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮಿಲಿಟರಿ ಖರೀದಿಯ ಕಾಗದಗಳನ್ನು ಎದೆಯ ಮಟ್ಟಕ್ಕೆ ಹಿಡಿದು, ಒಂದೊಂದು ಇಂಗ್ಲಿಷ್ ಮಾತನ್ನೂ ಎಳೆದು ಎಳೆದು ಓದುವರು. ಆಮೇಲೆ ಕನ್ನಡಕ ತೆಗೆದು ನಮ್ಮ ಕಡೆ ತಿರುಗುವರು.

“ಆಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ. ಅಂದ್ರೇನು? ಸಾಮಾನು ತರೋಕ್ ಮುಂಚೆ, ಇದು ಬೇಕಪ್ಪಾ ಅಂತ ಮನೇವ್ರೆಲ್ಲ ಕೂತು ಒಪ್ಪೋದು. ನಮ್ಮನೇಲಿ ಮಿಕ್ಸಿ ವಿಚಾರ ಇನ್ನೂ ಅಲ್ಲೇ ನಿಂತೈತೆ.”

ಅವರು ಮಾಗಡಿ ಕಡೆಯವರು. ವಾಯುಪಡೆಯ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹಾರೋಹಳ್ಳಿಯಲ್ಲಿ ಆಗಷ್ಟೇ ಹುರುಳಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ಅಂಥ ಒಂದು ಶೆಡ್ಡಿನಲ್ಲಿ ಕನಕಪುರದ ಶಿವಣ್ಣ ಎಂಬವರು ಲೋಹದ ಬಿಡಿಭಾಗ ಮಾಡುವ ವರ್ಕ್‌ಶಾಪು ತೆರೆದಿದ್ದರು. ದೊಡ್ಡ ಕಂಪನಿಗಳ ಹತ್ತಿರ ಮಾತಾಡಿ ಮಿಲಿಟರಿ ಕೆಲಸ ತರಲು ಆರಾಧ್ಯರನ್ನು ಇಟ್ಟುಕೊಂಡಿದ್ದರು. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ತಪಾಸಣೆಗೆ ಸೇರಿದ್ದೆ. ತಯಾರಾದ ಭಾಗಗಳನ್ನು ಅಳೆದು ಪಾಸೋ ಫೇಲೋ ಹೇಳುವುದು ನನ್ನ ಕೆಲಸ. ಊರು ಚನ್ನಪಟ್ಟಣದ ಬೈರಾಪಟ್ಟಣ. ದಿನಾ ಓಡಾಡಲಾಗದೆ ಮರಳವಾಡಿಯ ಚಿಕ್ಕಮ್ಮನ ಮನೆಯಲ್ಲಿದ್ದೆ.

ಕಾಗದದಲ್ಲಿ ಬರುವ ಯಾವ ಮಾತಿಗೂ ಅವರು ಹೆದರುತ್ತಿರಲಿಲ್ಲ, ನಮ್ಮನ್ನೂ ಹೆದರಲು ಬಿಡುತ್ತಿರಲಿಲ್ಲ. ‘ನೋ ಕಾಸ್ಟ್ ನೋ ಕಮಿಟ್‌ಮೆಂಟ್’ ಎಂದು ಬಂದಾಗ ಶಿವಣ್ಣನವರಿಗೂ ಅರ್ಥವಾಗಿರಲಿಲ್ಲ. ಆರಾಧ್ಯರು ನಕ್ಕರು. “ಹೆಣ್ಣು ನೋಡೋಕೆ ಬರೋದು ಕಣಪ್ಪ ಇದು. ಉಪ್ಪಿಟ್ಟು ಕೇಸರಿಬಾತು ನಮ್ದು, ತಿನ್ನೋರು ಅವರು. ತಿಂದು, ಊರಿಗೋಗಿ ತಿಳಿಸ್ತೀವಿ ಅಂತಾರೆ. ಮಾದರಿ ನಮ್ಮ ಖರ್ಚಲ್ಲಿ ಮಾಡಿ ಕೊಡ್ಬೇಕು. ಒಪ್ಪಿದ್ರೂ ಕೊಂಡೇ ಕೊಳ್ತೀವಿ ಅಂತ ಮಾತು ಕೊಡಕ್ಕಿಲ್ಲ.”

ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿಗಳ ಬಗ್ಗೆ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ವೈರಿಯ ಕ್ಷಿಪಣಿ ತನ್ನ ಜೊತೆ ಹುಸಿ ಕ್ಷಿಪಣಿಗಳನ್ನೂ ಬಿಡುತ್ತದಂತೆ. ಅವುಗಳ ನಡುವೆ ನಿಜವಾದದ್ದು ಯಾವುದೆಂದು ಗುರುತಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಡಿಸ್ಕ್ರಿಮಿನೇಷನ್’ ಅನ್ನುತ್ತಾರೆ. ಅದಕ್ಕೆ ಕನ್ನಡ ಏನು ಎಂದು ಕೇಳಿದೆ. “ವಿವೇಕ” ಅಂದರು. ಆ ಮಾತು ನನಗೆ ತುಂಬಾ ದಿನ ಖುಷಿ ಕೊಟ್ಟಿತು.

ಮಾತಿಗೆ ಅರ್ಥ ಹೇಳಿ ಸುಮ್ಮನಾಗುವ ಜನವೂ ಅವರಲ್ಲ. ನಮ್ಮ ಲೇತ್ ಆಪರೇಟರ್ ಮುನಿರಾಜು ಮನೆಯವರಿಗೆ ತಿಳಿಸದೆ ಒಂದು ಹುಡುಗಿಯನ್ನು ಮದುವೆಯಾಗಿ, ಕೊರಳಿನ ಹಾರವನ್ನೂ ತೆಗೆಯದೆ ವರ್ಕ್‌ಶಾಪಿಗೆ ಬಂದು ನಿಂತಿದ್ದ. ಹುಡುಗಿ ಅಳುತ್ತಿದ್ದಳು. ಆರಾಧ್ಯರು ಇಬ್ಬರನ್ನೂ ಕೂರಿಸಿ ನೀರು ಕೊಟ್ಟು, “ಅಳತೆ ತಪ್ಪಿ ಮಾಡ್ತೀನಿ ಅಂತ ಮುಂಚೇನೇ ಒಪ್ಪಿಗೆ ಕೇಳಿದ್ರೆ ಅದು ಡೀವಿಯೇಷನ್. ಮಾಡಾದ್ಮೇಲೆ ಹೋಗಿ ಕೈ ಮುಗಿದ್ರೆ ಕನ್ಸೆಷನ್. ನಿನ್ದು ಎರಡನೇದು ಕಣ್ಲಾ ಮುನಿರಾಜ. ಕಷ್ಟ, ಆದ್ರೆ ಸಿಗ್ತದೆ, ನಡಿ,” ಅಂದರು. ಅವತ್ತೇ ಅವನ ಜೊತೆ ಊರಿಗೆ ಹೋಗಿ, ಅವನ ಅಪ್ಪ ಬೈದದ್ದನ್ನೆಲ್ಲ ಜಗುಲಿಯ ಮೇಲೆ ಕೂತು ಕೇಳಿಸಿಕೊಂಡು, ಸಂಜೆಯೊಳಗೆ ಸೊಸೆಯನ್ನು ಮನೆ ತುಂಬಿಸಿ ಬಂದರು.

ಇಂಥವರ ಮೇಲೆ ನನಗೆ ಎಷ್ಟು ನಂಬಿಕೆಯಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಆ ವರ್ಷ ನಮಗೆ ಒಂದು ಉಂಗುರದ ಕೆಲಸ ಬಂತು. ಕ್ಷಿಪಣಿಯನ್ನು ತಡೆಯುವ ಕ್ಷಿಪಣಿಯ ಒಳಗೆ ಕೂರುವ, ತಟ್ಟೆಯಷ್ಟು ಅಗಲದ, ಕಾಗದದಂತೆ ತೆಳುವಾದ ಅಲ್ಯೂಮಿನಿಯಂ ಉಂಗುರ. ಮಾದರಿ ಮಾಡಿ ಕೊಡಬೇಕು, ಅದೂ ಉಪ್ಪಿಟ್ಟು ಕೇಸರಿಬಾತಿನ ಲೆಕ್ಕದಲ್ಲೇ. ಲೇತಿನ ಉಕ್ಕಿನ ಹಿಡಿತದಲ್ಲಿ ಇರುವಷ್ಟು ಹೊತ್ತು ಉಂಗುರ ದುಂಡಗಿರುತ್ತಿತ್ತು. ಬಿಚ್ಚಿದ ಕೂಡಲೇ ಸೊಟ್ಟಗಾಗುತ್ತಿತ್ತು. ಮುನಿರಾಜು ಕಡೆಯುವುದು, ನಾನು ಅಳೆದು ಫೇಲ್ ಮಾಡುವುದು, ತಿಂಗಳುಗಟ್ಟಲೆ ಇದೇ ಆಯಿತು.

ನಮ್ಮಪ್ಪ ಬೇಸಾಯದ ಜೊತೆಗೆ ಮನೆಯಲ್ಲೇ ಮರ ಕಡೆದು ಬೊಂಬೆ ಮಾಡುತ್ತಿದ್ದ. ಒಂದು ಭಾನುವಾರ ಊರಿಗೆ ಹೋದಾಗ, ಮಗುವಿನ ಗಿಲಕಿಗೆ ಹಾಕುವ ತೆಳು ಬಳೆಯನ್ನು ಅವನು ಮರದ ಗುಂಡಿನ ಮೇಲೆ ತೊಡಿಸಿ ಕಡೆಯುತ್ತಿದ್ದುದನ್ನು ನೋಡಿದೆ. ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಕಣ್ಣಿಗೆ ಬಿತ್ತು. ಹೊರಗಿನಿಂದ ಅಮುಕುವ ಬದಲು ಒಳಗಿನಿಂದ ಹಿಡಿಯಬೇಕು, ಮೆತ್ತಗಿನ ಮರದಿಂದ. ಸೋಮವಾರ ಆರಾಧ್ಯರಿಗೆ ಹೇಳಿದೆ. ಮುಂದಿನ ವಾರ ಅವರೇ ನನ್ನ ಜೊತೆ ಬೈರಾಪಟ್ಟಣಕ್ಕೆ ಬಂದರು.

ಅಪ್ಪ ಉಂಗುರದೊಳಗೆ ಕೂರುವಂಥ ಹಾಲೆಮರದ ಅಚ್ಚು ಕಡೆದು, ಅಭ್ಯಾಸಬಲದಿಂದ ತುದಿಯಲ್ಲಿ ಮೂರು ಗೆರೆ ಕೊರೆದು ಕೆಂಪು ಅರಗು ಹಾಕಿಬಿಟ್ಟ. ಅವನು ಮಾಡಿದ ಎಲ್ಲದರ ಮೇಲೂ ಅದಿರುತ್ತದೆ. “ಕ್ಷಿಪಣಿಗೂ ಬಣ್ಣ ಹಾಕ್ಬುಟ್ರಲ್ಲ ಗೌಡ್ರೆ,” ಎಂದು ಆರಾಧ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಂಥವರ ಮನೆಯಲ್ಲಿ ಊಟಕ್ಕೆ ಕೂರುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. ಅವರು ಕೂತರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಇನ್ನೊಂದು ಒಸಿ ಸಾರು ಹಾಕಮ್ಮ ಎಂದು ನನ್ನ ತಾಯಿಯನ್ನು ಕೇಳಿ ಹಾಕಿಸಿಕೊಂಡರು. ಅವರು ಹೋದಮೇಲೆ ಅಪ್ಪ ಬಾಗಿಲಲ್ಲೇ ನಿಂತಿದ್ದ. “ದೊಡ್ಡ ಮನುಷ್ಯ ಕಣವ್ವ,” ಅಂದ.

ಆ ಅಚ್ಚಿನ ಮೇಲೆ ಕಡೆದ ಉಂಗುರ ಬಿಚ್ಚಿದಮೇಲೂ ದುಂಡಗೇ ಉಳಿಯಿತು. ಮಾದರಿ ಪಾಸಾಯಿತು. ಶಿವಣ್ಣ ವರ್ಕ್‌ಶಾಪಿಗೆಲ್ಲ ಮೈಸೂರುಪಾಕು ಹಂಚಿದರು. ಇನ್ನು ಟೆಂಡರ್ ಕರೆಯುತ್ತಾರೆ, ಆ ಕೆಲಸ ನಮ್ಮನ್ನು ಬಿಟ್ಟು ಬೇರೆ ಯಾರಿಂದಲೂ ಆಗದು ಎಂದು ಎಲ್ಲರೂ ನಂಬಿದ್ದೆವು.

ಟೆಂಡರ್ ಕರೆದರು. ಕಡಿಮೆ ದರ ಹಾಕಿದವರಿಗೆ ‘ಎಲ್ ಒನ್’ ಅನ್ನುತ್ತಾರೆ. ಎಲ್ ಒನ್ ಆಗಿದ್ದು ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಒಂದು ದೊಡ್ಡ ಕಾರ್ಖಾನೆ. ಅವರ ಮಾದರಿಯೂ ಮೊದಲ ಸಲಕ್ಕೇ ಪಾಸಾಗಿತ್ತಂತೆ. ಶಿವಣ್ಣ ಕುರ್ಚಿಯಲ್ಲಿ ಕುಸಿದರು. ಆರಾಧ್ಯರು ಅವರ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ್ದನ್ನು ನಾನೇ ನೋಡಿದ್ದೇನೆ. ಸ್ವಲ್ಪ ದಿನಕ್ಕೆ, ಮೈಗೆ ಹುಷಾರಿಲ್ಲ ಎಂದು ಅವರು ಕೆಲಸ ಬಿಟ್ಟರು. ಉಂಗುರ ನೆಚ್ಚಿ ತಂದಿದ್ದ ಲೇತನ್ನು ಶಿವಣ್ಣ ಮಾರಿದರು. ಮುನಿರಾಜು ಟೆಂಪೊ ಓಡಿಸಲು ಹೋದ. ನನಗೂ ಕೆಲಸ ಹೋಯಿತು, ಊರಿಗೆ ವಾಪಸ್ಸು ಬಂದೆ.

ಬೇರೆ ಕೆಲಸ ಹುಡುಕುತ್ತ ಆ ಬಿಡದಿ ಕಡೆಯ ಕಾರ್ಖಾನೆಗೇ ಸಂದರ್ಶನಕ್ಕೆ ಹೋದೆ. ಉಂಗುರದ ಅನುಭವ ಇದೆಯೆಂದರೆ ಕೊಟ್ಟಾರು ಎಂಬ ಆಸೆ. ಒಬ್ಬ ಸೂಪರ್‌ವೈಸರ್ ಒಳಗೆ ಕರೆದುಕೊಂಡು ಹೋಗಿ ಯಂತ್ರಗಳನ್ನು ತೋರಿಸಿದ. ಹೊಳೆಯುವ ಹೊಸ ಲೇತು. ಅದರ ಮೇಲೆ ನಮ್ಮದೇ ಉಂಗುರ. ಉಂಗುರದ ಒಳಗೆ ಹಾಲೆಮರದ ಅಚ್ಚು, ತುದಿಯಲ್ಲಿ ಮೂರು ಗೆರೆ, ಕೆಂಪು ಅರಗು.

“ಇದು ಎಲ್ಲಿಂದ ಬಂತು?” ಎಂದು ಕೇಳಿದೆ.

“ನಮ್ಮ ಅಡ್ವೈಸರ್ ತಂದಿದ್ದು ಮೇಡಂ. ಏರ್‌ಫೋರ್ಸಲ್ಲಿದ್ರು, ಆರಾಧ್ಯರು ಅಂತ. ಒಳ್ಳೆ ತಲೆ.”

ಸಂದರ್ಶನಕ್ಕೆ ಕೂರದೆ ಗೇಟು ದಾಟಿ ಬಂದೆ. ನಮ್ಮ ವರ್ಕ್‌ಶಾಪಿನ ಅಚ್ಚನ್ನೇ ಹೊತ್ತುಕೊಂಡು ಹೋದರೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಅದನ್ನು ನನ್ನ ಕೆಲಸದ ಕೊನೆಯ ದಿನ ನಾನೇ ಒರೆಸಿ ಶಿವಣ್ಣನವರ ಬೀರುವಿನಲ್ಲಿ ಇಟ್ಟಿದ್ದೆ. ಹಾಗಾದರೆ ಇದು ಇನ್ನೊಂದು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಉಳಿಗೆ ಸಾಣೆ ಹಿಡಿಯುತ್ತಿದ್ದ. “ಅಪ್ಪ, ಆರಾಧ್ಯರಿಗೆ ಇನ್ನೊಂದು ಅಚ್ಚು ಮಾಡಿಕೊಟ್ಯಾ?”

“ಹೂಂ ಕಣವ್ವ. ನೀನೇ ಕಳ್ಸಿದ್ದೆ ಅಂದ್ರಲ್ಲ.” ಅಪ್ಪ ತಲೆಯೆತ್ತಿದ. “ಶೋಭಂಗೆ ಕೆಲಸ ಜಾಸ್ತಿ, ಬರಕ್ಕಾಗಲ್ಲ, ನೀವೇ ಇಸ್ಕೊಂಡು ಬನ್ನಿ ಅಂದ್ಲು ಅಂದ್ರು. ನಾಕು ಮಾಡಿಕೊಟ್ಟೆ. ಊಟ ಮಾಡ್ಕೊಂಡೇ ಹೋದ್ರು. ಯಾಕೆ, ಅಳತೆ ಸರಿಯಾಗ್ನಿಲ್ವಾ?”

ನಡೆದದ್ದನ್ನು ಹೇಳಿದೆ. ಅಪ್ಪ ನಂಬಲಿಲ್ಲ. “ಊಟ ಮಾಡಿದ ಮನೆಗೆ ಯಾರಾದ್ರೂ ಅಂಗ್ ಮಾಡ್ತಾರಾ? ನೀನೇ ಏನೋ ತಪ್ಪು ತಿಳ್ಕಂಡಿದ್ದೀಯ,” ಎಂದು ಮತ್ತೆ ಉಳಿಯ ಕಡೆ ತಿರುಗಿದ. ಅಚ್ಚು ಹೋಗಿದ್ದಕ್ಕಿಂತ, ನನ್ನ ಹೆಸರು ಹೇಳಿ ಅಪ್ಪನ ಕೈಯಲ್ಲೇ ಮಾಡಿಸಿದ್ದು ನನ್ನನ್ನು ಸುಟ್ಟಿತು. ನನ್ನ ಕೆಲಸ ನನ್ನ ಅಪ್ಪನ ಕೈಯಿಂದಲೇ ಹೋಗಿತ್ತು. ಅದು ಅವನಿಗೆ ಗೊತ್ತೂ ಇರಲಿಲ್ಲ.

ಮಾರನೆಯ ದಿನ ರಾಮನಗರಕ್ಕೆ ಅವರ ಮನೆಗೆ ಹೋದೆ. ಆರಾಧ್ಯರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಪೇಪರ್ ಮಡಿಸಿದರು. ಬಿಡದಿಗೆ ಹೋಗಿದ್ದೆ, ಅಪ್ಪನನ್ನೂ ಕೇಳಿದೆ ಅಂದೆ.

ಅವರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಅದು ಸಿಂಗಲ್ ವೆಂಡರ್ ಸಿಚುಯೇಷನ್ ಆಗ್ತಿತ್ತು. ಪ್ರೊಸೀಜರ್ ಪ್ರಕಾರ ಆಲ್ಟರ್ನೇಟ್ ಸೋರ್ಸ್ ಡೆವಲಪ್ ಮಾಡ್ಲೇಬೇಕು. ಶಿವಣ್ಣನ ಯೂನಿಟ್ಟು ಕೆಪ್ಯಾಸಿಟಿ ವೆರಿಫಿಕೇಷನ್‌ನಲ್ಲಿ ನಿಲ್ತಿರಲಿಲ್ಲ. ಡೆಲಿವರಿ ಷೆಡ್ಯೂಲ್ ಮೀಟ್ ಆಗ್ಬೇಕಾದ್ರೆ ಟ್ರಾನ್ಸ್‌ಫರ್ ಆಫ್ ಟೆಕ್ನಾಲಜಿ...”

“ಸಾರ್,” ಅಂದೆ. “ಕನ್ನಡದಲ್ಲಿ ಹೇಳಿ.”

ಅವರ ಮಾತು ನಿಂತಿತು. ಎಂಥೆಂಥ ಮಾತನ್ನು ಸುಲಿದ ಬಾಳೆಹಣ್ಣಿನ ಹಾಗೆ ನಮ್ಮ ಕೈಗೆ ಕೊಟ್ಟಿದ್ದ ಮನುಷ್ಯ. ರಸ್ತೆಯಲ್ಲಿ ಗೂಡಿನ ಮಂಕರಿ ತುಂಬಿದ ಆಟೋ ಒಂದು ರೇಷ್ಮೆ ಮಾರುಕಟ್ಟೆಯ ಕಡೆ ಹೋಯಿತು. ಅದು ತಿರುವು ದಾಟುವವರೆಗೂ ಅದನ್ನೇ ನೋಡಿದರು. ಅವರ ಹೆಂಡತಿ ಕಾಫಿ ತಂದರು. “ಹಾರೋಹಳ್ಳಿ ಶೋಭಾ ಅಲ್ವಾ? ಮನೇಲಿ ದಿನಾ ನಿಂದೇ ಮಾತು ಕಣಮ್ಮ,” ಅಂದರು ಆಕೆ. ನಾನು ಲೋಟ ಮುಟ್ಟದೆ ಎದ್ದು ಬಂದೆ. ಹಿಂದಿನಿಂದ ಕರೆದಾರು ಎಂದು ಬೀದಿಯ ಕೊನೆಯವರೆಗೂ ಕಿವಿ ಕೊಟ್ಟಿದ್ದೆ. ಕರೆಯಲಿಲ್ಲ.

ಆಮೇಲೆ ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೇರಿಕೊಂಡೆ. ಅಲ್ಲೂ ತಪಾಸಣೆಯೇ, ಗುಂಡಿ ಭದ್ರವಿದೆಯೇ, ಹೊಲಿಗೆ ನೇರವಿದೆಯೇ ಎಂದು. ಶಿವಣ್ಣನವರಿಗೆ ವಿಷಯ ಹೇಳಿದೆ. ಅವರಿಗೆ ಸಿಟ್ಟು ಮಾಡುವ ಶಕ್ತಿಯೂ ಉಳಿದಿರಲಿಲ್ಲ. “ಬುಡಮ್ಮ, ಅವ್ರೇ ತಂದ ಕೆಲಸ, ಅವ್ರೇ ತಕಂಡೋದ್ರು,” ಎಂದರು. ನನಗೆ ಹಾಗೆ ಬಿಡಲು ಆಗಲಿಲ್ಲ. ಒಬ್ಬರು ಬೈದರೆ ಮರೆಯಬಹುದು. ನಮ್ಮ ಮೇಲೆ ಅಷ್ಟು ಅಕ್ಕರೆ ತೋರಿಸಿದ್ದು ನಿಜವೋ ಸುಳ್ಳೋ ಎಂದು ಗೊತ್ತಾಗದಿದ್ದರೆ, ಹಿಂದಿನ ಒಂದೊಂದು ಒಳ್ಳೆಯ ದಿನವನ್ನೂ ತೆಗೆದು ಮತ್ತೆ ಪರೀಕ್ಷಿಸಬೇಕಾಗುತ್ತದೆ. ನಾನು ಅದನ್ನೇ ಮಾಡುತ್ತಿದ್ದೆ. ಮುನಿರಾಜುವಿನ ಅಪ್ಪನ ಜಗುಲಿಯ ಮೇಲೆ ಕೂತವರು ಬೇರೆ ಮನುಷ್ಯರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತಿತ್ತು. ಅವರೇ ಆಗಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ರಾಮನಗರದ ಬಸ್ ನಿಲ್ದಾಣದಲ್ಲಿ. ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದೆ. ತೆಳ್ಳಗಾಗಿದ್ದರು, ಷರ್ಟು ಭುಜದಿಂದ ಜಾರುತ್ತಿತ್ತು. ನನ್ನನ್ನು ಕಂಡು ಜನರ ನಡುವೆ ದಾರಿ ಮಾಡಿಕೊಂಡು ಹೆಚ್ಚುಕಡಿಮೆ ಓಡಿಯೇ ಬಂದರು.

“ಶೋಭಮ್ಮ, ಟೀವೀಲಿ ನೋಡಿದ್ಯಾ? ಪರೀಕ್ಷೆ ಗೆದ್ದುಬುಡ್ತು. ಬರೋದನ್ನ ಆಕಾಶದಲ್ಲೇ ಹೊಡೀತು. ನಮ್ಮ ಉಂಗುರ ಇತ್ತು ಕಣಮ್ಮ ಅದ್ರೊಳಗೆ.”

ಕಣ್ಣಲ್ಲಿ ನೀರಿತ್ತು. ನಟನೆಯಾಗಿರಲಿಲ್ಲ. ಒಂದು ಕ್ಷಣ ನನ್ನ ಎದೆಯೂ ಉಬ್ಬಿತು, ಅದೇ ನನಗೆ ತಡೆಯಲಾಗಲಿಲ್ಲ.

“ಯಾರ ಉಂಗುರ ಸಾರ್?” ಅಂದೆ.

ಅವರ ಮುಖದ ಮೇಲಿನ ಸಂತೋಷ ಒಂದೇ ಸಲಕ್ಕೆ ಹೋಗಲಿಲ್ಲ, ಮೆಲ್ಲಗೆ ಇಳಿಯಿತು. ಕೈಯಲ್ಲಿದ್ದ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. “ನಿಮ್ಮಪ್ಪಂಗೂ ಹೇಳು,” ಎಂದರು, ತುಂಬ ಸಣ್ಣ ದನಿಯಲ್ಲಿ. ನನ್ನ ಬಸ್ಸು ಬಂತು.

ಅಪ್ಪನಿಗೆ ಹೇಳಿದೆ. “ಅವ್ರೇ ಹೇಳಿದ್ರಾ? ಮರ್ತಿಲ್ಲ ನೋಡು,” ಎಂದು ಅವನು ಖುಷಿಪಟ್ಟ. ನಾನು ಎದ್ದು ಒಲೆಯ ಮುಂದೆ ಹೋದೆ.

ಮರುವರ್ಷ ಆರಾಧ್ಯರು ತೀರಿಕೊಂಡರು. ಮಾಗಡಿ ಹತ್ತಿರದ ಅವರ ಊರಿನಲ್ಲಿ ಮಣ್ಣು. ಮುನಿರಾಜು ಫೋನಿನಲ್ಲಿ ಅಳುತ್ತ, “ಬತ್ತೀಯ ಅಲ್ವಾಕ್ಕ, ಟೆಂಪೊ ತಂದು ನಿನ್ನೂ ಕರ್ಕೊಂಡೋಯ್ತೀನಿ,” ಅಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಟೆಂಪೊ ಬಂದು ಮನೆಯ ಮುಂದೆ ನಿಂತಾಗ ಒಗೆಯುವ ಬಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅಪ್ಪ ಒಗೆದ ಪಂಚೆ ಉಟ್ಟುಕೊಂಡು, ನನ್ನನ್ನು ಕರೆಯದೆ, ಅವನೊಬ್ಬನೇ ಹತ್ತಿಕೊಂಡು ಹೋದ.

ಸಂಜೆ ಬಂದವನು ಬಚ್ಚಲಲ್ಲಿ ಕೈಕಾಲು ತೊಳೆದು ಬಂದು ಕೂತ.

“ಅವ್ರ ಮನೆಯಾಕೆ ನಿನ್ನ ಕೇಳಿದ್ರು. ಎರಡು ಸಲ ಕೇಳಿದ್ರು,” ಎಂದ. “ರಜ ಕೊಡ್ನಿಲ್ಲ ಅಂತ ಹೇಳ್ದೆ ಕಣವ್ವ.”

ಅವತ್ತು ಭಾನುವಾರ.