ಅತ್ತಿಗೆಯ ಮೈಮೇಲೆ ಬರುತ್ತಿದ್ದ ಅವ್ವ

ಗಂಡ ತೀರಿಕೊಂಡ ಮೇಲೆ ನಾನು ಸೋಸಲೆಯ ತವರಿಗೆ ವಾಪಸು ಬಂದೆ. ಮನೆಯಲ್ಲಿ ಅಣ್ಣ, ಅತ್ತಿಗೆ, ಅವ್ವ. ನನ್ನನ್ನು ಕೂರಿಸಿಕೊಂಡು ಮಾತಾಡುತ್ತಿದ್ದವಳು ಅವ್ವ ಒಬ್ಬಳೇ. ಸ್ವಲ್ಪ ಕಾಲಕ್ಕೆ ಅವಳೂ ಹೋದಳು.

ತಿಥಿ ಕಳೆದ ಮೇಲೆ ಅತ್ತಿಗೆಗೆ ಏನೋ ಆಯಿತು. ಮುಸ್ಸಂಜೆ ಗೋಡೆಗೊರಗಿ ಕೂತು ತೂಗಾಡುವಳು, ದನಿ ಬದಲಾಗುವುದು. ಥೇಟ್ ಅವ್ವನ ಹಾಗೆ ರಾಗ ಎಳೆದು, "ಮಗಾ, ಬಿಸ್ನೀರ್ ಕಾಯಿಸ್ಕೊಂಡ್ಯಾ? ಕಾಲ್ ನೋವು ಎಂಗದೆ?" ಎಂದು ನನ್ನನ್ನು ಕೇಳುವಳು. ಅಣ್ಣ ಹೆದರಿ ಆಚೆ ಹೋಗುತ್ತಿದ್ದ. ನಾನು "ವಾಸಿ ಕಣವ್ವ" ಎನ್ನುತ್ತಾ ಪಕ್ಕದಲ್ಲೇ ಕೂರುತ್ತಿದ್ದೆ.

ಆದರೆ ಅತ್ತಿಗೆ ಊಟ ಬಿಟ್ಟು ಸೊರಗಿದಳು. ನೆರೆಯವರ ಮಾತು ಕೇಳಿ ಅಣ್ಣ ಅವಳನ್ನು ನರಸೀಪುರದ ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ದ, ನಾನೂ ಹೋದೆ. ಪಾಸ್ಟರು ಅವಳ ತಲೆ ಮೇಲೆ ಕೈಯಿಟ್ಟು, "ಯಾರು ನೀನು?" ಎಂದು ಮೈಕಿನಲ್ಲಿ ಗದರಿದರು.

"ಈ ಮಕ್ಕಳ ತಾಯಿ ಕಣಪ್ಪ," ಎಂದಳು ಅತ್ತಿಗೆ.

"ಸುಳ್ಳು! ಸತ್ತವರು ತಿರುಗಿ ಬರಲ್ಲ. ತಾಯಿ ವೇಷ ಹಾಕಿರೋ ದೆವ್ವ ನೀನು. ಯೇಸುವಿನ ಹೆಸರಲ್ಲಿ ಹೇಳ್ತಿದೀನಿ, ತೊಲಗು!"

ಜನರೆಲ್ಲ "ತೊಲಗು" ಎಂದು ಕೂಗಿದರು. ಅವ್ವನಿಗೆ ಹಾಗನ್ನಲು ನನಗೆ ಬಾಯಿ ಬರಲಿಲ್ಲ.

ಹಲವು ಶುಕ್ರವಾರ ಅಲ್ಲಿಗೆ ಪ್ರಾರ್ಥನೆಗೆ ಹೋದರೂ ಅವಳು ಉಣ್ಣಲಿಲ್ಲ. ಆಗ ಅಣ್ಣನ ಸ್ನೇಹಿತರೊಬ್ಬರು ನಂಜನಗೂಡಿನ ಚರ್ಚಿನ ಫಾದರ್ ಬಳಿ ಕಳಿಸಿದರು. ವಯಸ್ಸಾದವರು, ಮೆಲುದನಿ. ದೆವ್ವದ ಮಾತೇ ಎತ್ತದೆ, ರಾತ್ರಿ ನಿದ್ದೆ ಬರುತ್ತದೆಯೇ, ಅತ್ತೆ ಹೋದಾಗ ಹತ್ತಿರ ಯಾರಿದ್ದರು ಎಂದು ಕೇಳಿದರು.

"ನಾನೊಬ್ಳೇ ಇದ್ದೆ ಸಾಮಿ," ಎಂದು ಅತ್ತಿಗೆ ತನ್ನದೇ ದನಿಯಲ್ಲಿ ಬಿಕ್ಕಿದಳು. ನಾನೂ ಅಣ್ಣನೂ ಅಂದು ಗದ್ದೆಯಲ್ಲಿದ್ದೆವು.

ಫಾದರ್ ಅವಳಿಗಾಗಿ ಪ್ರಾರ್ಥಿಸಿ, "ಪ್ರಾರ್ಥನೆ ನಾನು ಮಾಡ್ತಿರ್ತೀನಮ್ಮ. ನೀವು ಮೈಸೂರಿಗೆ ಹೋಗಿ ಮಾನಸಿಕ ಡಾಕ್ಟರಿಗೆ ತೋರಿಸಿ," ಎಂದರು.

ಮಾತ್ರೆ ಶುರುವಾದ ಮೇಲೆ ಅತ್ತಿಗೆ ನಿಧಾನವಾಗಿ ಚೇತರಿಸಿಕೊಂಡಳು. ಸಂಜೆ ಸೀರಿಯಲ್ ನೋಡುತ್ತಿದ್ದವಳ ಪಕ್ಕ ಕೂತು ಒಂದು ದಿನ ಕೇಳಿಯೇಬಿಟ್ಟೆ: "ಅವ್ವನ ಥರ ಮಾತಾಡ್ತಿದ್ಯಲ್ಲ, ಗ್ಯಾನ ಅದಾ?"

"ಏನೂ ಇಲ್ಲ ಕಣವ್ವ. ಆ ಮಾತ್ ಎತ್ಬೇಡ, ಭಯ ಆಯ್ತದೆ," ಎಂದು ಟೀವಿ ಸದ್ದು ಜಾಸ್ತಿ ಮಾಡಿದಳು.

ಅವ್ವನನ್ನು ಇನ್ನೊಮ್ಮೆ ಮಣ್ಣು ಮಾಡಿದಂತಾಯಿತು. ಈ ಸಲ ಜೊತೆಗೆ ಅಳುವವರು ಯಾರೂ ಇರಲಿಲ್ಲ.

ಅಣ್ಣ ಅತ್ತಿಗೆ ನರಸೀಪುರದ ಮಂದಿರಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. ಹೋದ ವರ್ಷ ನಾನೂ ಜೊತೆಗೆ ಹೋಗಿದ್ದಾಗ, ದೇವರಿಂದಾದ ಒಳಿತಿಗೆ ಸಾಕ್ಷಿ ಹೇಳಲು ಅತ್ತಿಗೆ ಎದ್ದು ನಿಂತಳು. "ನನ್ ಮೈಮೇಲಿದ್ದ ದೆವ್ವ ಪ್ರಾರ್ಥನೆಗೆ ಬಿಟ್ಟೋಯ್ತು," ಎಂದಳು. ಮಾತ್ರೆಯ ವಿಷಯ ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣನ ಕಣ್ಣು ತುಂಬಿತ್ತು. ಅತ್ತಿಗೆ ಉಳಿದಳಲ್ಲ ಎಂದು ನಾನೂ ತಟ್ಟಿದೆ. ಆಮೇಲೆ ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ ಎದ್ದು, ಬಸ್‌ಸ್ಟ್ಯಾಂಡಿಗೆ ನಡೆದು, ಒಬ್ಬಳೇ ಸೋಸಲೆ ಬಸ್ಸು ಹತ್ತಿದೆ.