ಗಾಳಿಗೆ ಹಚ್ಚಿದ ಪಾಳಿ

ಕಾಕಾ ಹೊಳೆದಂಡೆಯ ಬಾವಿಯಲ್ಲಿ ಸೊಂಟದ ಮಟ ನೀರಿನಲ್ಲಿ ನಿಂತಿದ್ದರು. ಕೈಯಲ್ಲಿ ಮೋಟರಿನ ವೈರು, ಸುಲಿದದ್ದು. ನಾನು ಮೇಲೆ ವಾಕಿಟಾಕಿ ಹಿಡಿದು ಕೂತಿದ್ದೆ. ಆಗ ಅದರೊಳಗಿಂದ "ಚಾಲೂ ಮಾಡೋ, ಕರೆಂಟ್ ಬಂದೈತಿ" ಎಂದು ಒಂದು ಧ್ವನಿ ಬಂತು. ಅದು ನಮ್ಮವರದಲ್ಲ. ಇಷ್ಟು ವರ್ಷವಾದರೂ ನನ್ನ ನೆನಪು ಇಲ್ಲಿಂದಲೇ ಶುರುವಾಗುತ್ತದೆ. ಹಿಂದಿನದನ್ನು ಆಮೇಲೆ ಜೋಡಿಸಿಕೊಳ್ಳಬೇಕು.

ಸವದತ್ತಿ ಕಡೆಯ ನಮ್ಮ ಊರಿಗೆ ಇನ್ನೂ ಮೊಬೈಲ್ ಬಂದಿರಲಿಲ್ಲ. ಬಾವಿ ಮಲಪ್ರಭೆಯ ದಂಡೆಗೆ, ಮೋಟರಿನ ಸ್ಟಾರ್ಟರ್ ದಿಬ್ಬದಾಚೆಯ ತೋಟದ ಮನೆಯಲ್ಲಿ. ಕೂಗಿದರೆ ಕೇಳಿಸದು. ಅದಕ್ಕೇ ಕಾಕಾ ಹುಬ್ಬಳ್ಳಿಯಿಂದ ಒಂದು ಜೊತೆ ವಾಕಿಟಾಕಿ ತಂದರು. ಅದನ್ನು ನೋಡಿ ಬಾಜೂ ಹೊಲದವರು, ನಾವು ಮಾವ ಅನ್ನುತ್ತಿದ್ದವರು, ಅದೇ ಅಂಗಡಿಯಿಂದ ಅಂಥದ್ದೇ ಜೊತೆ ತಂದರು. ಲೈಸೆನ್ಸ್ ಬೇಕೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮಾತು ಅವರಲ್ಲಿ ಕೇಳಿಸುತ್ತಿತ್ತು, ಅವರದು ನಮ್ಮಲ್ಲಿ. ಅವರ ಮನೆಯಲ್ಲಿ ಏನು ಪಲ್ಯ ಎಂಬುದೂ ನಮಗೆ ತಿಳಿಯುತ್ತಿತ್ತು.

ಜಗಳವಾಯಿತು. "ನಾ ಮೊದಲ ತಂದೇನಿ" ಎಂದರು ಕಾಕಾ.

"ಮೊದಲ ತಂದ್ರ ಗಾಳಿ ನಿಮ್ಮ ಹೆಸರಿಗೆ ಖಾತೆ ಆಗತೈತೇನ್ರಿ?" ಎಂದರು ಮಾವ.

ಕೊನೆಗೆ ಹಿರಿಯರು ಕೂತು ತಮಗೆ ಗೊತ್ತಿದ್ದ ಕಾಯ್ದೆಯನ್ನೇ ಹಚ್ಚಿದರು: ಕಾಲುವೆ ನೀರಿಗೆ ಇದ್ದ ಹಾಗೆ ಪಾಳಿ. ಮಧ್ಯಾಹ್ನದ ತನಕ ನಾವು ಮಾತಾಡುವುದು, ಆಮೇಲೆ ಅವರು. ಬೈಲಹೊಂಗಲದಲ್ಲಿ ಡಿಗ್ರಿ ಮುಗಿಸಿ ಬಂದಿದ್ದ ನನಗೂ ಅದು ಶಾಣ್ಯಾತನದ ತೀರ್ಮಾನ ಅನ್ನಿಸಿತ್ತು.

ಆ ಬೆಳಿಗ್ಗೆ ಪಾಳಿ ನಮ್ಮದು. ಸ್ಟಾರ್ಟರ್ ಹತ್ತಿರ ಅಣ್ಣ ಇದ್ದ. ನಮ್ಮ ಪಾಳಿಯಲ್ಲಿ ಬಂದ ಮಾತು ನಮ್ಮದೇ ಎಂದು ನಂಬಿ ಅವನು ಸ್ಟಾರ್ಟರಿಗೆ ಕೈ ಹಾಕಿದ. ಪಾಳಿ ಇಲ್ಲದಿದ್ದರೆ ಯಾರೆಂದು ಕೇಳುತ್ತಿದ್ದನೋ ಏನೋ. ನಾನು ಗುಂಡಿ ಒತ್ತಿ "ಬ್ಯಾಡ, ಬ್ಯಾಡ" ಎಂದೆ. ಮಾವ ಇನ್ನೂ ಮಾತಾಡುತ್ತಲೇ ಇದ್ದರು. ಅವರ ಮಾತನ್ನು ದಾಟಿ ನನ್ನದು ಹೋಗಲಿಲ್ಲ. "ವೈರ್ ಬಿಟ್ಟು ಮ್ಯಾಲ ಬರ್ರಿ ಕಾಕಾ!" ಎಂದು ಬಾವಿಯೊಳಗೆ ಚೀರಿದೆ. ಅವರು ವೈರನ್ನು ಕಲ್ಲಿನ ಸಂದಿಗೆ ಎಸೆದು ಮೆಟ್ಟಿಲಿಗೆ ಹಾರಿದರು. ವೈರು ಚಟಚಟ ಕಿಡಿ ಕಾರಿತು. ಆಗ ಅವರ ಕಾಲು ನೀರಿನಿಂದ ಹೊರಗೆ ಬಂದಿತ್ತೋ, ಒಂದು ಇನ್ನೂ ಒಳಗಿತ್ತೋ? ಒಮ್ಮೊಮ್ಮೆ ಹಾಗೆ ನೆನಪಾಗುತ್ತದೆ, ಒಮ್ಮೊಮ್ಮೆ ಹೀಗೆ. ಕಾಕಾನಿಗೂ ಗೊತ್ತಿಲ್ಲ.

ಸಂಜೆ ಮಾವ ನಮ್ಮ ಕಟ್ಟೆಗೆ ಬಂದರು. "ಬದನಿ ಸಸಿ ಒಣಗಾಕತ್ತಿದ್ದೂ. ಕರೆಂಟ್ ಹೋದ್ರ ಮತ್ತ ಯಾವಾಗೋ ಅಂತ ನಿಮ್ಮ ಪಾಳ್ಯಾಗ ನಮ್ಮ ಹುಡುಗನ ಕೂಡ ಎರಡ ಮಾತು ಆಡೇನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಕಾಲೇಜ್ ಕಲ್ತಾಂವ ನೀ, ಹೇಳ ತಮ್ಮಾ. ಈ ಗಾಳಿ ಯಾರದು?"

"ಸರಕಾರದ್ದು" ಎಂದೆ.

"ಹಂಗಾರ ಸರಕಾರಕ್ಕ ಅರ್ಜಿ ಕೊಡೂಣು" ಎಂದ ಅಣ್ಣ.

"ಕೊಡು. ನಮ್ಮ ವಾಕಿಟಾಕೀನೂ ಅವರವೂ ಕೂಡೇ ಚೀಲದಾಗ ಹಾಕ್ಕೊಂಡು ಹೋಗ್ತಾರ" ಎಂದರು ಕಾಕಾ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮೊಬೈಲ್ ಕಂಪನಿಗಳಿಗೆ ತರಂಗಾಂತರ, ಅಂದರೆ ಇದೇ ಗಾಳಿ, ಕೊಡುವ ಸುದ್ದಿ ಮುಂದೆ ಪೇಪರಿನಲ್ಲಿ ಬರತೊಡಗಿತು. ಓದಿದಷ್ಟೂ ತಲೆ ಕೆಡುತ್ತಿತ್ತು. ದುಡ್ಡಿದ್ದವರಿಗೆ ಕೊಟ್ಟು ಕಾವಲಿಟ್ಟರೆ ಮಾತಿನ ಮೇಲೆ ಮಾತು ಬೀಳುವುದಿಲ್ಲ, ಸರಿ. ಆದರೆ ಹೊಳೆದಂಡೆಯ ಎರಡು ಹೊಲಗಳಿಗೆ ಯಾರು ಕೊಡುತ್ತಿದ್ದರು? ಎಲ್ಲರಿಗೂ ಬಿಟ್ಟುಬಿಡಿ ಅನ್ನಲು ಹೋದರೆ ಆ ಕಿಡಿ ಕಣ್ಣಿಗೆ ಬರುತ್ತದೆ. ಪಾಳಿಯೇ ನ್ಯಾಯ ಅನ್ನೋಣವೆಂದರೆ, ಅಣ್ಣನನ್ನು ನಂಬಿಸಿದ್ದೇ ಆ ಪಾಳಿ. ಇಂದಿಗೂ ನನಗೆ ಬಗೆಹರಿದಿಲ್ಲ.

ಕಿಡಿ ಹಾರಿದ ಮರುದಿನವೇ ಕಾಕಾ ಮತ್ತೆ ಬಾವಿಗಿಳಿದಿದ್ದರು. ವೈರು ಜೋಡಿಸುವ ಕೆಲಸ ಅರ್ಧಕ್ಕೇ ನಿಂತಿತ್ತಲ್ಲ. ಈ ಸಲ ಸ್ಟಾರ್ಟರಿನ ಫ್ಯೂಜುಗಳನ್ನೇ ಕಿತ್ತು ಕಿಸೆಯಲ್ಲಿ ಹಾಕಿಕೊಂಡಿದ್ದರು.

"ಕಾಕಾ, ಫ್ಯೂಜ್ ಅದಾವಿಲ್ಲ?"

"ಅದಾವೋ" ಎಂದು ತೆಗೆದು ತೋರಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ.

"ಕರೆಂಟಿಗಲ್ಲ, ನಿನ್ನ ಕಿರಿಕಿರಿಗೇ ಸಾಯ್ತೇನಿ ನೋಡು" ಎಂದು ಬೈದರು. ಬೈಯುತ್ತಲೇ ಕಿಸೆಗೆ ಕೈ ಹಾಕಿ ಮತ್ತೊಮ್ಮೆ ತೋರಿಸಿದರು.